ಕತ್ತರಿಸಿ ಉಳಿದದ್ದು

ಪೆನ್ ಡ್ರೈವನ್ನು ಅಂಗಿಯ ಜೇಬಿಗೆ ಇಳಿಸಿದ್ದನ್ನು ಮಗಳು ನೋಡಿಬಿಟ್ಟಳೇನೋ ಎಂಬ ಅನುಮಾನ ಅವನಿಗೆ ಬಸ್ಸು ಹತ್ತಿದ ಮೇಲೆ ಶುರುವಾಯಿತು. ಪಕ್ಕದಲ್ಲೇ ಕೂತಿದ್ದಳು, ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು. ಇಸ್ತ್ರಿ ಮಾಡಿದ ಸಮವಸ್ತ್ರ, ಅಮ್ಮ ಎಳೆದು ಕಟ್ಟಿದ ಜಡೆ, ಅಲುಗುತ್ತಿರುವ ತುಟಿ. ತುಟಿಯಿಂದ ಸದ್ದು ಹೊರಡುತ್ತಿರಲಿಲ್ಲ. ಸದ್ದಿಲ್ಲದೆ ಹೇಳುವಾಗ ಅವಳು ಎಲ್ಲೂ ತಡವರಿಸುವುದಿಲ್ಲ. ಪದ್ಯ ಗಾಜಿನ ಮೇಲೆ ಉಸಿರಿನ ಮಬ್ಬಾಗಿ ಸರಾಗವಾಗಿ ಹರಡಿ ಮಾಯವಾಗುತ್ತಿತ್ತು. ‘ಕಿಟಕಿಯಾಚೆ ಕಾಯುವ ಗಾಳಿಯೇ, ಕದ ತಟ್ಟದೆ ಒಳಗೆ ಬಾ.’ ಸಾವಿರ ಪದ್ಯಗಳಿರುವಾಗ ಆ ಟೀಚರಮ್ಮನಿಗೆ ಸಾಲುಸಾಲಿಗೂ ಕಕಾರ ಕಟ್ಟಿಕೊಂಡ ಈ ಪದ್ಯವೇ ಸಿಗಬೇಕಿತ್ತೆ. ವರ್ಣಮಾಲೆಯ ಮೊದಲ ವ್ಯಂಜನದಲ್ಲೇ ಮಗಳಿಗೊಂದು ತಪಾಸಣೆ ಠಾಣೆಯಿತ್ತು. ಉಳಿದ ಅಕ್ಷರಗಳೆಲ್ಲ ಕೈಬೀಸಿ ದಾಟಿಸಿದರೂ ‘ಕ’ ಮಾತ್ರ ಗೇಟು ಹಾಕಿ, ನಿಲ್ಲಿಸಿ, ಸತಾಯಿಸಿ ಕಳಿಸುತ್ತಿತ್ತು. ಇವತ್ತು ಶಾಲೆಯ ಬಹುಮಾನ ವಿತರಣೆ. ರೆಕಾರ್ಡ್ ಮಾಡಿ ಕಳಿಸಿದ ಪದ್ಯವಾಚನಕ್ಕೆ ಊರಿನ ಶಾಲೆಗಳಲ್ಲೆಲ್ಲ ಮೊದಲನೆಯವಳಾಗಿ ಬಂದ ಹುಡುಗಿ ಅದನ್ನೇ ವೇದಿಕೆಯ ಮೇಲೆ ನಿಂತು ಹೇಳಬೇಕು. “ರೆಕಾರ್ಡ್ ಹಾಕೋದು ಬೇಡಪ್ಪ, ನಾನೇ ಹೇಳ್ತೀನಿ” ಎಂದು ವಾರದಿಂದ ಹಟ ಹಿಡಿದಿದ್ದಳು. ಬೆಳಿಗ್ಗೆ ಹೆಂಡತಿ, ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿಕೊಳ್ಳುತ್ತ, “ರಜೆ ಕೊಡಲ್ಲ ಅಂದ್ರು, ಇಲ್ದಿದ್ರೆ ನಾನೇ ಹೋಗ್ತಿದ್ದೆ. ನೀವು ಸುಮ್ಮನೆ ಕೂತು ಕೇಳಿಸ್ಕೊಂಡು ಬನ್ನಿ ರೀ. ಅದೊಂದು ನಿಮಗೆ ಬರಲ್ಲ ಅಂತ ಗೊತ್ತು, ಆದ್ರೂ ಹೇಳ್ತಿದೀನಿ” ಎಂದಿದ್ದಳು. ಕೇಳಿಸಿಕೊಳ್ಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಹೇಳುವ ಮಾತೇ ಇದು.

ಅವನು ಕೆಲಸ ಮಾಡುವ ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಹಾಡುಗಾರ ಉಸಿರೆಳೆದದ್ದು, ಭಾಷಣಕಾರ ಗಂಟಲು ಕೆರೆದದ್ದು, ಜಾಹೀರಾತಿನ ಹೆಂಗಸು ‘ಅಯ್ಯೋ ತಪ್ಪಾಯ್ತು’ ಎಂದು ನಕ್ಕದ್ದು, ಎಲ್ಲವನ್ನೂ ಕಿತ್ತು ತೆಗೆದು ಅಂಚಿಗೆ ಅಂಚು ಕೂಡಿಸಿದರೆ ಅಲ್ಲೊಂದು ತಪ್ಪಿತ್ತು ಎಂಬುದು ಆ ಮಾತು ಆಡಿದವನಿಗೂ ಗೊತ್ತಾಗಬಾರದು. ಬಿಡುವಿದ್ದಾಗ ಅವನು ಅವರೆಲ್ಲರ ದನಿಯನ್ನೂ ತೆಗೆದು ತೋರಿಸುತ್ತಿದ್ದ. ನಿರ್ದೇಶಕನ ಮೂಗಿನ ‘ಒನ್ ಮೋರ್’ ಅವನ ಬಾಯಿಂದ ಬಂದರೆ ಕಾವಲಿನವನು ಎದ್ದು ನಿಲ್ಲುತ್ತಿದ್ದ. ಒಂದೇ ಒಂದು ಸಲ ಆ ವಿದ್ಯೆ ಅವನಿಗೆ ತಿರುಗಿ ಬಿದ್ದಿತ್ತು. ಮಗಳಿಗೆ ಆಗ ಮೂರು ವರ್ಷ, ಮನೆತುಂಬ ನೆಂಟರು, ಕಿಟಕಿಯ ಸರಳಿನ ಮೇಲೆ ಕೂತ ಹಕ್ಕಿಯನ್ನು ತೋರಿಸಿ ಅವಳು ‘ಕ್ ಕ್ ಕ್ ಕಾಗೆ’ ಎಂದಳು. ಟೇಪು ಸಿಕ್ಕಿಹಾಕಿಕೊಂಡ ಹಾಗೆ ಕೇಳಿಸಿದ್ದರಿಂದಲೋ ಏನೋ, ಅವನೂ ಅದನ್ನು ಅದೇ ಎಳೆಗಂಟಲಲ್ಲಿ, ಅದೇ ಕಣ್ಣರಳಿಕೆಯಲ್ಲಿ, ಯಥಾವತ್ತು ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಮಗುವೂ ನಕ್ಕಿತು. ಹೆಂಡತಿ ಮಾತ್ರ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಅವರ ಮನೆಯಲ್ಲಿ ಕಾಗೆಗೆ ‘ಆ ಹಕ್ಕಿ’ ಎಂದೇ ಹೆಸರು. ಕೆಂಪು ಬಳಪಕ್ಕೆ ‘ಬಿಸಿ ಬಣ್ಣ’, ಕುರ್ಚಿಗೆ ‘ಅದರ ಮೇಲೆ’. ಎದುರಿಗೆ ಬಂದ ಕಕಾರವನ್ನು ಬಳಸಿಕೊಂಡು ಹೋಗುವ ಓಣಿಗಳು ಮಗಳಿಗೆ ಬಾಯಿಪಾಠವಾದವು.

ಪದ್ಯದಲ್ಲಿ ಮಾತ್ರ ಓಣಿಗಳಿರುವುದಿಲ್ಲ. ಸ್ಪರ್ಧೆಗೆ ರೆಕಾರ್ಡ್ ಮಾಡುವ ದಿನ ಮಧ್ಯಾಹ್ನ ಅವಳನ್ನು ಬಟ್ಟೆ ಬೀರುವಿನೊಳಗೆ ಕೂರಿಸಿದ್ದ. ತೂಗುಬಿಟ್ಟ ಬಟ್ಟೆಗಳ ನಡುವೆ ದನಿ ಗೋಡೆಗೆ ಬಡಿದು ಮರಳುವುದಿಲ್ಲ, ಅದು ಬಡವರ ಸ್ಟುಡಿಯೋ. ಅಮ್ಮನ ಉಡುಪುಗಳ ವಾಸನೆಯಲ್ಲಿ ಮುಳುಗಿ, ಮೊಣಕಾಲನ್ನು ಎದೆಗೆ ಅವುಚಿಕೊಂಡು ಅವಳು ಹೇಳಿದ್ದಳು, ಸಂಜೆಯವರೆಗೂ. ಹೇಳುವುದಕ್ಕಿಂತ ಹೆಚ್ಚಾಗಿ ಹೆಣಗಿದ್ದಳು. ಅವನು ಕೂತು ಕತ್ತರಿಸಿದ. ಒಂದು ‘ಕಿ’ ಇಲ್ಲಿಂದ, ಒಂದು ‘ಟಕಿ’ ಅಲ್ಲಿಂದ. ಹೊಲಿಗೆ ಮುಗಿದಾಗ ತೆರೆಯಲ್ಲಿ ಅವಳದೇ ದನಿ ನೀರು ಹರಿದ ಹಾಗೆ ಹರಿಯಿತು. ಇಯರ್‌ಫೋನ್ ಹಾಕಿಕೊಂಡು ಕೇಳಿದ ಮಗಳು, “ಇದು ಯಾರು?” ಎಂದಳು. “ನೀನೇ ಮರಿ.” ಅವಳ ಮುಖ ಅರಳಿದ್ದು ನಿಜ. ಅರಳಿದ ಮುಖ ಆಮೇಲೆ, ಬೇರೆಯವರ ಮನೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡವಳ ಹಾಗೆ, ಸ್ವಲ್ಪ ಹಿಂದೆ ಸರಿದದ್ದೂ ನಿಜ. “ಅವಳದು ಹೇಗಿದೆಯೋ ಹಾಗೇ ಕಳಿಸಿ ರೀ, ಬಹುಮಾನ ಬರದಿದ್ರೆ ಬೇಡ” ಎಂದು ಹೆಂಡತಿ ಅಡುಗೆಮನೆಯಿಂದ ಹೇಳಿದಳು. “ಹಾಗೇ ಕಳಿಸೋದಾದ್ರೆ ಅಪ್ಪ ಅಂತ ನಾನ್ಯಾಕೆ?” ಎಂದು ಅವನು ಕೇಳಿದ್ದ. ಆಗ ಅದು ಒಳ್ಳೆಯ ಮಾತಿನ ಹಾಗೆ ಕೇಳಿಸಿತ್ತು. ಕತ್ತರಿಸಿದ ಚೂರುಗಳನ್ನು ಮಾತ್ರ ಬಿಸಾಡಲಿಲ್ಲ. ಈ ಕಸುಬಿನವರು ಯಾರೂ ಬಿಸಾಡುವುದಿಲ್ಲ. ಇನ್ಯಾವುದೋ ಕಡೆ ಅರ್ಧ ಉಸಿರು ಬೇಕಾಗುತ್ತದೆ, ತೇಪೆಗೆ ಕಾಲಿಂಚು ಮೌನ ಬೇಕಾಗುತ್ತದೆ. ತುಂಡುಬಟ್ಟೆಯನ್ನು ದರ್ಜಿ ಗಂಟು ಕಟ್ಟಿಡುವ ಹಾಗೆ, ಸಿಕ್ಕಿಕೊಂಡ ಕಕಾರಗಳು, ಒಳಗೆಳೆದ ಉಸಿರುಗಳು, ಸೋತು ಬಿಟ್ಟ ನಿಟ್ಟುಸಿರುಗಳು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಗಂಟಾಗಿ ಉಳಿದವು.

ಆ ಗಂಟು ಬಿಚ್ಚಿದ್ದು ನಿರ್ದೇಶಕನಿಂದಾಗಿ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಫೋನಿನಲ್ಲಿ ಕಂತುಕಂತಾಗಿ ಕೇಳುವ ದೆವ್ವದ ಧಾರಾವಾಹಿ, ‘ಗೋಡೆಯೊಳಗಿನವಳು’. ಗೋಡೆಯಲ್ಲಿ ಹೂತುಹೋದ ಹುಡುಗಿ ಹೇಳಬೇಕಾದ್ದನ್ನು ಹೇಳಲಾರದೆ ಒದ್ದಾಡುತ್ತಾಳೆ. ಬರೆದವನು ಅಲ್ಲಿ ‘ದೆವ್ವ ಏನೋ ಗೊಣಗುತ್ತದೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದ. ದನಿ ಕೊಡಲು ಬಂದ ಕಲಾವಿದೆ ಹೂ ಹೂ ಎಂದು ಹೂಂಕರಿಸಿ, ಕೇಕೆ ಹಾಕಿ, ಕೆಮ್ಮಿ ಹೋದಳು. ಅವನು ಅದನ್ನು ಎಳೆದ, ಜಗ್ಗಿದ, ಗುಹೆಯ ಗುಂಗು ಸೇರಿಸಿದ. ನಿರ್ದೇಶಕ ಎಲ್ಲರೆದುರು ಕೇಳಿ, “ಇದು ದೆವ್ವ ಅಲ್ಲಪ್ಪ ಕತ್ತರಿ, ಹೊಟ್ಟೆನೋವು. ನಾಳೆ ಬೆಳಿಗ್ಗೆ ಒಳಗೆ ನನಗೆ ಭಯ ಬೇಕು. ಆಗಲ್ಲ ಅಂದ್ರೆ ಹೇಳು, ಭಯಪಡಿಸೋರು ಬೇರೆ ಇದಾರೆ” ಎಂದ. ಎಲ್ಲರೂ ನಕ್ಕರು. ಕಾವಲಿನವನೂ ನಕ್ಕ.

ಕೆಲಸ ಎಷ್ಟು ಸುಲಭ ಎಂಬುದೇ ಆಮೇಲೆ ಅವನನ್ನು ಚುಚ್ಚಿದ್ದು. ಮಗಳ ಒಂದು ಚೂರನ್ನು ತೆಗೆದು ಹಿಂದುಮುಂದಾಗಿ ತಿರುಗಿಸಿದ. ತಿರುಗಿಸಿದ್ದಕ್ಕೆ ಪ್ರತಿಧ್ವನಿ ಕೊಟ್ಟ. ಮತ್ತೆ ತಿರುಗಿಸಿ ನೆಟ್ಟಗೆ ಮಾಡಿದ. ಈಗ ಪ್ರತಿಧ್ವನಿ ಮಾತಿನ ಹಿಂದೆ ಬರುವ ಬದಲು ಮುಂದೆ ಬರುತ್ತದೆ. ಇನ್ನೂ ಆಡದ ಮಾತು ಎಲ್ಲಿಂದಲೋ ಊದಿಕೊಳ್ಳುತ್ತ, ತೆವಳುತ್ತ ಬಂದು, ಬಾಯಿಗೆ ಬಂದು, ‘ಕ್’ ಎಂದು ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ನಕಲನ್ನು ಸ್ಥಾಯಿ ಇಳಿಸಿ, ಕೂದಲೆಳೆಯಷ್ಟು ತಡವಾಗಿ ಕೆಳಗೆ ಹಾಸಿದ. ಮಗುವಿನ ಗಂಟಲ ಅಡಿಯಲ್ಲಿ ಇನ್ಯಾರದೋ ಗಂಟಲು. ಒಳಗೆಳೆದ ಉಸಿರನ್ನು ಮಾತ್ರ ಮುಟ್ಟಲಿಲ್ಲ. ಅದು ಇದ್ದ ಹಾಗೇ ಭಯಂಕರವಾಗಿತ್ತು. ಇಯರ್‌ಫೋನಿನಲ್ಲಿ ಕೇಳುತ್ತ ಅವನ ತೋಳಿನ ಕೂದಲು ನೆಟ್ಟಗೆ ನಿಂತಾಗ ಮೊದಲು ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು, ಅದೂ ಬಂದು ಬಾಗಿಲಲ್ಲೇ ನಿಂತಿತು. ಇಷ್ಟೆಲ್ಲ ಬದಲಾಯಿಸಿದ ಮೇಲೆ ಇದು ಅವಳ ದನಿ ಹೇಗಾಗುತ್ತದೆ ಎಂದು ವಾದ ಹೂಡಿದ. ಹೆತ್ತ ತಾಯಿಗೂ ಗೊತ್ತಾಗದು ಎಂದುಕೊಂಡ. ತಾಯಿಗೆ ಗೊತ್ತಾಗಲಿಲ್ಲ, ಅವಳು ದೆವ್ವದ ಕಥೆ ಕೇಳುವವಳಲ್ಲ. ನಿರ್ದೇಶಕ ಕೇಳಿದವನೇ ಕುರ್ಚಿಯಿಂದ ಎದ್ದು, ಕೂತು, ನೀರು ಕುಡಿದು, “ಯಾರಪ್ಪ ಈ ಕಲಾವಿದೆ?” ಎಂದ. “ಕಂಪ್ಯೂಟರ್ ಸಾರ್” ಎಂದ ಅವನು.

ಧಾರಾವಾಹಿ ಹತ್ತಿಕೊಂಡಿತು. ಬಸ್ಸುಗಳಲ್ಲಿ, ಕ್ಷೌರದಂಗಡಿಯಲ್ಲಿ, ಲಿಫ್ಟಿನಲ್ಲಿ ಜನ ಒಬ್ಬರನ್ನೊಬ್ಬರು ‘ಕ್... ಕ್... ಕ್...’ ಎಂದು ಬೆಚ್ಚಿಸತೊಡಗಿದರು. ಮಗಳ ಶಾಲೆಯ ಹುಡುಗರಂತೂ ಶೌಚಾಲಯದ ಬಾಗಿಲ ಹಿಂದೆ ಅಡಗಿ ನಿಂತು ಅದನ್ನೇ ಮಾಡುತ್ತಿದ್ದರಂತೆ. ಅಲ್ಲಿಯವರೆಗೆ ತರಗತಿಯಲ್ಲಿ ಎರಡು ಬಗೆಯ ಜನರಿದ್ದರು, ಅವಳ ತೊದಲನ್ನು ಅಣಕಿಸುವವರು ಮತ್ತು ಅವಳೊಡನೆ ಮಾತಾಡದವರು. ಈಗ ಎರಡೂ ಪಕ್ಷದವರು ಬಂದು, “ಒಂದ್ಸಲ ಮಾಡೇ, ಗೋಡೆಯೊಳಗಿನವಳ ಥರ ಮಾಡೇ, ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ” ಎಂದು ಗೋಗರೆಯುತ್ತಿದ್ದರು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಅದನ್ನು ಮಾಡಿ ತೋರಿಸಿದಳು. ಒಳಗೆಳೆದ ಉಸಿರು, ಕಚ್ಚಿಕೊಂಡ ಕಕಾರ, ಕೊನೆಯ ನಿಟ್ಟುಸಿರು. ಕೈಯಲ್ಲಿದ್ದ ತುತ್ತನ್ನು ಅವನು ತಟ್ಟೆಗೆ ಇಳಿಸಿದ. “ಹೇಗಿದೆಯಪ್ಪ?” ಎಂದು ಅವನ ಮುಖವನ್ನೇ ನೋಡುತ್ತ ಕೇಳಿದಳು. “ಪರವಾಗಿಲ್ಲ” ಎಂದ. ಅಷ್ಟು ಹೊತ್ತು ಅವಳು ಯಾಕೆ ತನ್ನ ಮುಖವನ್ನೇ ನೋಡಿದಳು ಎಂಬುದು ಅವನಿಗೆ ಹೊಳೆಯಲಿಲ್ಲ. ಅವನ ಜಾಣತನವೆಲ್ಲ ಕಿವಿಯಲ್ಲಿತ್ತು.

ಶಾಲೆಯ ಸಭಾಂಗಣದಲ್ಲಿ ತೋರಣದ ಕಾಗದ, ಹೊಸ ಬಣ್ಣದ ವಾಸನೆ, ಫ್ಯಾನುಗಳ ಗೊರಗೊರ. ಹೆಡ್‌ಮಿಸ್ ಬಾಗಿಲಲ್ಲೇ ಹಿಡಿದುಕೊಂಡರು. “ಬನ್ನಿ ಸರ್. ನಿಮ್ಮ ಮಗಳು ಕ್ಲಾಸಲ್ಲಿ ತುಂಬ ಮೌನಿ, ನಾಚಿಕೆ ಸ್ವಭಾವ. ರೆಕಾರ್ಡ್ ಕೇಳಿದ ಮೇಲೆ ನಮಗೇ ಆಶ್ಚರ್ಯ, ಇಷ್ಟು ದಿನ ಈ ದನಿ ಎಲ್ಲಿಟ್ಟಿದ್ಳು ಅಂತ. ಅತಿಥಿಗಳೂ ಅವಳನ್ನೇ ಕೇಳ್ತಿದಾರೆ.” ನಾಚಿಕೆ ಎಂಬ ಮಾತಿಗೆ ಅವನು ತಲೆಯಾಡಿಸಿದ, ಅದು ತನ್ನನ್ನೇ ಕುರಿತು ಹೇಳಿದ್ದೆಂಬಂತೆ ಕಿವಿ ಬಿಸಿಯಾಯಿತು. ಮಗಳು ವೇದಿಕೆಯ ಪಕ್ಕದ ಬೆಂಚಿಗೆ ಹೋಗುವ ಮುನ್ನ ಅವನ ಜೇಬಿನ ಕಡೆ ನೋಡಿದಳು, ಆಮೇಲೆ ಅವನ ಕಡೆ. ಅವನು ಪೋಷಕರ ಸಾಲಿನಲ್ಲಿ ಕೂರಲು ಹೋದವನು ಕೂರದೆ, ಕಾಲುಗಳು ತಾವಾಗಿಯೇ ಒಯ್ದವೋ ಎಂಬಂತೆ ಹಿಂಬದಿಯ ಮೈಕಿನವನ ಮೇಜಿಗೆ ಹೋಗಿ ನಿಂತ.

“ಇದನ್ನ ಹಾಕಿಟ್ಟಿರಿ,” ಎಂದು ಪೆನ್ ಡ್ರೈವ್ ಕೊಟ್ಟ. “ಅವಶ್ಯ ಬಿದ್ರೆ ಮಾತ್ರ.”

“ಏನ್ ಸಾರ್, ಹಾಡಾ?”

“ಪದ್ಯ.”

“ಅವಶ್ಯ ಬೀಳೋದು ಯಾವಾಗ ಅಂತ ನನಗೆ ಹೇಗ್ ಗೊತ್ತಾಗುತ್ತೆ?”

“ನಿಮಗೆ ಗೊತ್ತಾಗೋದು ಬೇಡ. ಗುಂಡಿ ನಾನೇ ಒತ್ತುತೀನಿ.”

ಮೈಕಿನವನು ಭುಜ ಕುಣಿಸಿ ಜಾಗ ಬಿಟ್ಟುಕೊಟ್ಟ. ಬೆರಳ ತುದಿಗೆ ಗುಂಡಿ ಬಂದದ್ದೇ ಅವನಿಗೆ ಎದೆ ಹಗುರಾಯಿತು. ಸುಮ್ಮನೆ ಕೂತು ಕೇಳುವವರ ಸಾಲಿನಲ್ಲಿ ಇಷ್ಟು ಹಗುರ ಎಲ್ಲಿ ಸಿಗಬೇಕು. ಅವಳಿಗಾಗಿಯೇ ಅಲ್ಲವೇ ಎಂದುಕೊಂಡ. ನೀರಿಗಿಳಿದ ಮಗುವಿಗೆ ದಡದಲ್ಲಿ ಅಪ್ಪ ಹಗ್ಗ ಹಿಡಿದು ನಿಂತರೆ ತಪ್ಪೇನು.

ಹೆಸರು ಕರೆದರು. ಚಪ್ಪಾಳೆ. ಮಗಳು ಬಂದು ಮೈಕಿನ ಮುಂದೆ ನಿಂತಳು. ಯಾರೋ ಮೈಕನ್ನು ಅವಳ ಎತ್ತರಕ್ಕೆ ಬಗ್ಗಿಸಿದರು. ಅವಳು ಕಣ್ಣು ಮುಚ್ಚಿ ಉಸಿರು ಒಳಗೆಳೆದುಕೊಂಡಳು. ಆ ಉಸಿರು ಸ್ಪೀಕರುಗಳಲ್ಲಿ ದೊಡ್ಡದಾಗಿ ಸಭಾಂಗಣದ ಮೇಲೆಲ್ಲ ಹಾದುಹೋದಾಗ ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಕಿಸಕ್ಕೆಂದರು. “ಕ್,” ಎಂದಳು. “ಕ್... ಕ್... ಕ್...” ಇಡೀ ಸಭೆ ಒಂದು ಕ್ಷಣ ಗಪ್‌ಚುಪ್ಪಾಗಿ, ಮರುಕ್ಷಣ ಗೊಳ್ಳೆಂದಿತು. ಮಕ್ಕಳು ಬೆಂಚು ಬಡಿದರು. “ಗೋಡೆಯೊಳಗಿನವಳು, ಗೋಡೆಯೊಳಗಿನವಳು” ಎಂಬ ಗುಲ್ಲು ಸಾಲಿನಿಂದ ಸಾಲಿಗೆ ಹರಿಯಿತು. ಮುಂದಿನ ಕುರ್ಚಿಯ ಅತಿಥಿಗಳು ಕರವಸ್ತ್ರ ಬಾಯಿಗಿಟ್ಟು ನಕ್ಕರು. ಅವರೂ ಧಾರಾವಾಹಿ ಕೇಳಿದ್ದಾರೆ ಎಂದಾಯಿತು. ಮಗಳು ಕಣ್ಣು ತೆರೆದಳು. ಓಡಲಿಲ್ಲ, ಅಳಲಿಲ್ಲ. ಎರಡು ಕೈಯಲ್ಲೂ ಮೈಕಿನ ಕಂಬ ಹಿಡಿದು, ನಗು ಇಳಿಯುವುದನ್ನೇ ಕಾದು, ಮತ್ತೆ ಶುರುಮಾಡಿದಳು. “ಕ್... ಕಿ... ಕಿಟ್...” ಕತ್ತಿನ ನರ ಬಿಗಿದದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಇನ್ನೊಂದು ಉಸಿರಿನಷ್ಟು ಕಾದಿದ್ದರೆ ಗೇಟು ತೆರೆಯುತ್ತಿತ್ತು. ಅವನಿಗದು ಗೊತ್ತಿತ್ತು, ಬೀರುವಿನ ಎದುರು ಕೂತು ಅಷ್ಟೂ ಹೊತ್ತು ಕೇಳಿದವನಿಗೆ, ಯಾವ ತಡೆಯ ನಂತರ ದಾರಿ ಬಿಡುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗುಂಡಿ ಒತ್ತಿದ.

‘ಕಿಟಕಿಯಾಚೆ ಕಾಯುವ ಗಾಳಿಯೇ’ ಎಂದು ಸ್ಪೀಕರು ಹೇಳಿತು. ತಿಳಿಯಾಗಿ, ತುಂಬು ದನಿಯಲ್ಲಿ, ಎಲ್ಲೂ ಹೊಲಿಗೆ ಕಾಣದ ಹಾಗೆ. ಬಾಯಿ ಅರ್ಧ ತೆರೆದುಕೊಂಡೇ ಮಗಳು ನಿಂತಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಪದ್ಯ ಅವಳ ತಲೆಯ ಮೇಲಿಂದ, ಅವಳಿಗೆ ಸಂಬಂಧವೇ ಇಲ್ಲದ ಹಾಗೆ, ಕದ ತಟ್ಟದೆ ಒಳಗೆ ಬಂದು ಸಭೆಯನ್ನೆಲ್ಲ ಸುತ್ತಿ ಮುಗಿಯಿತು. ಚಪ್ಪಾಳೆ ನಿಲ್ಲಲಿಲ್ಲ. ಹೆಡ್‌ಮಿಸ್ ಕಣ್ಣೊರೆಸಿಕೊಳ್ಳುತ್ತ ಮೈಕಿಗೆ ಬಂದು, “ನೋಡಿ, ಎಂಥ ತುಂಟಿ. ಮೊದಲು ದೆವ್ವ ಆಗಿ ನಮ್ಮನ್ನೆಲ್ಲ ಬೆಚ್ಚಿಬೀಳಿಸಿದ್ಳು, ಆಮೇಲೆ ತನ್ನ ನಿಜವಾದ ದನಿ ಕೇಳಿಸಿದ್ಳು. ಮಿಮಿಕ್ರಿ ಬೇರೆ ಬರುತ್ತೆ ಅಂತ ನಮಗೆ ಗೊತ್ತೇ ಇರ್ಲಿಲ್ಲ” ಎಂದರು. ಅತಿಥಿಗಳು ಬೆನ್ನು ತಟ್ಟಿ ಕಪ್ ಕೊಟ್ಟರು. ಅವಳ ಬೆನ್ನು ಕಪಾಟಿನ ಬಾಗಿಲ ಹಾಗೆ ಸೆಟೆದು ನಿಂತಿತ್ತು. ಮೈಕಿನವನು ಪೆನ್ ಡ್ರೈವ್ ಕಿತ್ತು ಅವನ ಕೈಗಿಡುತ್ತ, “ಒಳ್ಳೆ ಟೈಮಿಂಗ್ ಸಾರ್” ಎಂದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನಿಗೆ ಅಷ್ಟು ಮನಸಾರೆ ಯಾರೂ ಹೇಳಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಿರ್ದೇಶಕನ ಫೋನು ಬಂತು. ಎರಡನೆಯ ಭಾಗಕ್ಕೆ ಒಪ್ಪಿಗೆ ಸಿಕ್ಕಿದೆ, ದೆವ್ವಕ್ಕೆ ಈ ಸಲ ಮಾತು ಹೆಚ್ಚು, ಅದೇ ದನಿ ಬೇಕು, ಹೊಸ ಸಾಮಾನು ಇದೆಯಾ. ಪಕ್ಕದಲ್ಲಿ ಮಗಳು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. “ನೋಡೋಣ ಸಾರ್” ಎನ್ನಬೇಕೆಂದಿದ್ದ. “ಮಾಡೋಣ ಸಾರ್, ಸ್ವಲ್ಪ ಉಳಿದಿದೆ” ಎಂಬುದು ಬಾಯಿಗೆ ಬಂತು, ನಯವಾಗಿ, ಎಲ್ಲೂ ತಡೆಯದೆ. ಫೋನನ್ನು ಪೆನ್ ಡ್ರೈವಿದ್ದ ಜೇಬಿಗೇ ಇಳಿಸಿದ.

“ನಾನು ಮಿಮಿಕ್ರಿ ಮಾಡ್ಲಿಲ್ಲ,” ಎಂದಳು.

“ಗೊತ್ತು ಮರಿ.”

“ಅಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ.”

“ಹೇಳಬಹುದಿತ್ತಲ್ಲ ಪುಟ್ಟ, ಮೇಡಂ ಹತ್ರ.”

“ಹೇಳೋಕೆ ಹೋದ್ರೂ ಅದೇ ಥರ ಬರುತ್ತಲ್ಲ.” ಕಪ್ಪನ್ನು ತೊಡೆಯ ಮೇಲೆ ತಿರುಗಿಸುತ್ತ ಅಂದಳು, “ದೆವ್ವ ಮೊದಲ್ನೇ ಸಲ ಬಂದ ದಿನಾನೇ ನನಗೆ ಗೊತ್ತಾಯ್ತು. ಅದು ಉಸಿರು ತಗೊಳ್ಳೋದು ನನ್ನ ಹಾಗೇ. ಮಧ್ಯ ಬಟ್ಟೆ ಬೀರು ಬಾಗಿಲು ಅಲ್ಲಾಡೋದೂ ಇದೆ.”

ಬೀರುವಿನ ಬಾಗಿಲು. ನಿರ್ದೇಶಕ, ಸ್ಟುಡಿಯೋ, ಊರೆಲ್ಲ ಕೇಳಿದ್ದರಲ್ಲಿ ಅದೊಂದು ಮಾತ್ರ ಅವನಿಗೆ ಕೇಳಿಸದೆ ಉಳಿದಿತ್ತು. “ಮತ್ತೆ ನೀನು ಅವತ್ತು ಊಟಕ್ಕೆ ಕೂತಾಗ...”

“ನೀನು ಹೇಳ್ತೀಯೇನೋ ಅಂತ ಮಾಡ್ದೆ.”

ಅವನು ಸೀಟಿನ ರೆಕ್ಸಿನ್ನಿನ ಹರುಕನ್ನು ಬೆರಳಿನಿಂದ ಕೂಡಿಸುತ್ತ ಕೂತ. ಕೂಡಲಿಲ್ಲ. ಮಗಳು ಕಪ್ಪನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಕೋಪವಿರಲಿಲ್ಲ, ಯಾರದೋ ಸಾಮಾನನ್ನು ಅವರಿಗೆ ಕೊಟ್ಟಂತಿತ್ತು. “ಆ ಪದ್ಯ ನಿಂದು. ದೆವ್ವ ನಂದು” ಎಂದಳು.

ಹೆಂಡತಿ ಅವರಿಗಿಂತ ಮೊದಲೇ ಮನೆಗೆ ಬಂದಿದ್ದಳು. ಬೆರಳುಗಳಲ್ಲಿ ಇನ್ನೂ ಗಾಜು ಒರೆಸುವ ದ್ರಾವಣದ ವಾಸನೆ. ಕಪ್ಪನ್ನು ನೋಡಿದಳು, ಅದು ಅವನ ಕೈಯಲ್ಲಿರುವುದನ್ನು ನೋಡಿದಳು, ಒಲೆ ಆರಿಸಿ ಮಗಳನ್ನು ಅಡುಗೆಕಟ್ಟೆಯ ಮೇಲೆ ಎತ್ತಿ ಕೂರಿಸಿದಳು. “ಹೇಗಾಯ್ತು ಮರಿ?” ಎಂದು ಮಗಳನ್ನು ಕೇಳಿ, ಅವನು ಬಾಯಿ ತೆರೆಯುವ ಮುನ್ನವೇ, “ನೀವಲ್ಲ, ಅವಳು ಹೇಳ್ಲಿ” ಎಂದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಮಗಳು ಹೇಳಿದಳು. ಬಸ್ಸು, ಸಭೆ, ನಗು, ಚಪ್ಪಾಳೆ. ದಾರಿಯುದ್ದಕ್ಕೂ ಕಕಾರ ಕಂಡಲ್ಲೆಲ್ಲ ಓಣಿ ಹಿಡಿದು ತಪ್ಪಿಸಿಕೊಂಡು, ಸರಾಗವಾಗಿ. ಆಮೇಲೆ ಧಾರಾವಾಹಿಯ ಹೆಸರು ಹೇಳಿದಳು. “ಅಮ್ಮ, ಅದರಲ್ಲಿ ದೆವ್ವ ಇದೆಯಲ್ಲ, ಅದು ನಾನು. ಅಪ್ಪ ನನ್ನ ದನೀನ...” ಎಂದವಳು ಅಲ್ಲೇ ತಡೆದಳು.

ಕತ್ತಿನ ನರ ಬಿಗಿಯಿತು. “ಕ್... ಕ್...” ಯಾವ ಮಾತು ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು. ತಗೊಂಡ ಎನ್ನಬಹುದಿತ್ತು. ಹಾಕ್ಕೊಂಡ, ಬಳಸ್ಕೊಂಡ, ಎಷ್ಟು ಓಣಿಗಳಿದ್ದವು. ಎಲ್ಲವೂ ಅವನಿಗೂ ನೆರಳು ಕೊಡುವಂಥವು. ಮಗಳು ಯಾವುದಕ್ಕೂ ತಿರುಗಲಿಲ್ಲ. ಅದೇ ಮಾತಿನ ಮುಂದೆ, ಅದೊಂದೇ ಸಾಕೆಂಬಂತೆ, ಕಟ್ಟೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತುಬಿಟ್ಟಿದ್ದಳು. ಹೆಂಡತಿ ಅವಳ ಮುಖದಿಂದ ಕಣ್ಣು ಕೀಳಲಿಲ್ಲ, ತುಟಿ ಅಲುಗಿಸಲಿಲ್ಲ, ಅವಸರಪಡಿಸಲಿಲ್ಲ. ಹೀಗೆ ಕೇಳುವುದು ಅವಳಿಗೆ ಬರುತ್ತದೆ ಎಂಬುದನ್ನು ಅವನು ಅದೇ ಮೊದಲು ನೋಡಿದ. ಇಲ್ಲಿ ಒತ್ತುವುದಕ್ಕೆ ಗುಂಡಿಯಿರಲಿಲ್ಲ. ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತೂ ನಿಲ್ಲಬೇಕಿತ್ತು.

“ಕ್... ಕ... ಕದ್ದ,” ಎಂದಳು ಮಗಳು.

ಹೆಂಡತಿ ಆಗಲೂ ಅವನ ಕಡೆ ತಿರುಗಲಿಲ್ಲ. ಮಗಳ ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿ, “ಆಮೇಲೆ?” ಎಂದಳು.